ಸಗಟು ಭಕ್ತಿ ಬಿಟ್ಟು ಚಿಲ್ಲರೆಗೆ ಇಳಿಯುವುದು ಹೇಗೆ: ಅರಿಕೆ, ಪ್ರೀತಿ, ಲೋಕದ ಸೆಳೆತ ಕುರಿತು ಒಂದು ಮಾರ್ಗದರ್ಶಿ

"ಕರ್ತನೇ, ತಿಳಿದೋ ತಿಳಿಯದೆಯೋ ಮಾಡಿದ ನನ್ನ ಪಾಪಗಳನ್ನೆಲ್ಲ ಕ್ಷಮಿಸು." ಈ ಒಂದು ಸಾಲನ್ನು ನಾನು ಬಹಳ ವರ್ಷ ದಿನಾ ರಾತ್ರಿ ಹೇಳಿದ್ದೇನೆ. ನಾಲ್ಕು ಸೆಕೆಂಡಿನ ಕೆಲಸ. ಹೇಳಿ ಮಗ್ಗುಲಾದರೆ ನಿದ್ದೆ. ಸಾಲಿನಲ್ಲಿ ತಪ್ಪೇನಿಲ್ಲ. ಆದರೆ ಎಲ್ಲ ಪಾಪಗಳನ್ನೂ ಒಂದೇ ಮೂಟೆ ಕಟ್ಟಿ ಒಪ್ಪಿಸುವವನು ಯಾವುದನ್ನೂ ಬಿಚ್ಚಿ ನೋಡಿರುವುದಿಲ್ಲ ಅನ್ನುವುದು ನನಗೆ ತಡವಾಗಿ ಹೊಳೆಯಿತು. ಪ್ರೀತಿಯಲ್ಲೂ ಇದೇ ಸಗಟು ವ್ಯಾಪಾರ. "ನಾನು ಎಲ್ಲರನ್ನೂ ಪ್ರೀತಿಸ್ತೀನಪ್ಪ" ಎನ್ನುತ್ತೇವೆ, ಸಭೆಯಲ್ಲಿ ಎರಡು ಸಾಲು ಮುಂದೆ ಕೂರುವವರ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿರುತ್ತದೆ. ಲೋಕದ ವಿಷಯವೂ ಅಷ್ಟೇ. "ದೀಕ್ಷಾಸ್ನಾನದ ದಿನವೇ ಲೋಕ ಬಿಟ್ಟೆ" ಎಂದು ಸಾಕ್ಷಿ ಹೇಳುವವರ ಕಣ್ಣು ಪಕ್ಕದವರ ಮನೆ, ಕಾರು, ಮಕ್ಕಳ ಅಂಕಗಳ ಮೇಲಿರುತ್ತದೆ. ಅವರು ಅಂತ ಬರೆದೆ. ನಾನೂ ಅದೇ ಗುಂಪಿನವನೇ.

ಕೆಳಗಿರುವುದು ಆ ಮೂಟೆಗಳನ್ನು ಒಂದೊಂದಾಗಿ ಬಿಚ್ಚುವ ಕ್ರಮ. ಒಂದು ಪಾಪ, ಒಬ್ಬ ಮನುಷ್ಯ, ಒಂದು ವಸ್ತು ಎಂದು ಚಿಲ್ಲರೆಯಲ್ಲಿ ನಡೆಯುವ ಕೆಲಸ. ನಾನು ದೇವಶಾಸ್ತ್ರ ಕಲಿತವನಲ್ಲ. ವಾಕ್ಯ ಅಧ್ಯಯನದ ಗುಂಪಿನಲ್ಲಿ ವರ್ಷಗಟ್ಟಲೆ ಕೂತು, ಎಡವಿ, ಎದ್ದು ಕಂಡುಕೊಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಪತ್ರವನ್ನು ಪತ್ರದ ಹಾಗೆ ಓದಿ

ಅರಿಕೆ (ಅಂದರೆ ಮಾಡಿದ ಪಾಪವನ್ನು ಒಪ್ಪಿಕೊಂಡು ಹೇಳುವುದು), ಪ್ರೀತಿ, ಲೋಕದ ಸೆಳೆತ, ಈ ಮೂರೂ ವಿಷಯ ಒಂದೇ ಕಡೆ ಸಿಗುವುದು ಸತ್ಯವೇದದ ಹೊಸ ಒಡಂಬಡಿಕೆಯಲ್ಲಿರುವ ಯೋಹಾನನ ಮೊದಲನೆಯ ಪತ್ರಿಕೆಯಲ್ಲಿ. ಐದೇ ಅಧ್ಯಾಯ. ಗಟ್ಟಿಯಾಗಿ, ನಿಧಾನವಾಗಿ ಓದಿದರೂ ಅರ್ಧ ಗಂಟೆ ಹಿಡಿಯುವುದಿಲ್ಲ. ದಿನಕ್ಕೆರಡು ವಚನ ಅಂತ ಚಿವುಟಿ ಓದಬೇಡಿ. ಒಂದೇ ಸಲ ಕೂತು ಪೂರ್ತಿ ಓದಿ, ವಾರದೊಳಗೆ ಇನ್ನೆರಡು ಸಲ ಓದಿ. ಸಭೆಯಿಂದ ಕೆಲವರು ಹೊರಟುಹೋಗಿದ್ದಾರೆ ಎಂದು ಎರಡನೇ ಅಧ್ಯಾಯದ 19ನೇ ವಚನ ಹೇಳುತ್ತದೆ. ಉಳಿದವರಿಗೆ ತಾವು ಸರಿಯೋ, ಹೋದವರು ಸರಿಯೋ ಎಂಬ ಗೊಂದಲ. ಆ ಗಾಯ ಹಸಿಯಾಗಿರುವಾಗ ಬಂದ ಪತ್ರ ಇದು.

ಓದುವಾಗ ಪೆನ್ಸಿಲ್ ಹಿಡಿದುಕೊಂಡು "ಎಂದು ಹೇಳಿದರೆ", "ಎಂದು ಹೇಳುವವನು" ಎಂಬಂಥ ಮಾತು ಬಂದಲ್ಲೆಲ್ಲ ಗೆರೆ ಎಳೆಯಿರಿ. ಮೊದಲ ಅಧ್ಯಾಯದ 6, 8, 10ನೇ ವಚನಗಳಲ್ಲಿ, ಎರಡನೆಯದರ 4, 6, 9ರಲ್ಲಿ, ನಾಲ್ಕನೆಯದರ 20ರಲ್ಲಿ ಸಿಗುತ್ತದೆ. ಬಾಯಿ ಹೇಳುವುದಕ್ಕೂ ಕೈಕಾಲು ಮಾಡುವುದಕ್ಕೂ ಇರುವ ಅಂತರವನ್ನು ಮುದುಕ ಯೋಹಾನ ಪಟ್ಟು ಬಿಡದೆ ಅಳೆಯುತ್ತಾನೆ. ಇಷ್ಟು ಕಂಡರೆ ಸಾಕು, ಮುಂದಕ್ಕೆ ಹೋಗಬಹುದು.

ಎರಡನೇ ಹೆಜ್ಜೆ: ರಾತ್ರಿ ಹತ್ತು ನಿಮಿಷ ದಿನವನ್ನು ಹಿಂದಕ್ಕೆ ಮಗುಚಿ

ಇದು ಹೊಸ ಉಪಾಯವೇನಲ್ಲ. ಕಥೋಲಿಕರ ಯೇಸುಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ (1491–1556) ತನ್ನ ಜೊತೆಗಾರರಿಗೆ ದಿನಕ್ಕೆರಡು ಸಲ ಮನಸ್ಸಾಕ್ಷಿಯ ಪರೀಕ್ಷೆ ಮಾಡಿಕೊಳ್ಳಲು ಕಲಿಸಿದ. ಆತನ ಕ್ರಮದಲ್ಲಿ ನನಗೆ ಹಿಡಿಸಿದ್ದು ಶುರುವಾಗುವ ಜಾಗ: ಪಾಪದಿಂದಲ್ಲ, ಕೃತಜ್ಞತೆಯಿಂದ. ಮೊದಲು ಆ ದಿನ ಸಿಕ್ಕಿದ್ದಕ್ಕೆ ಸ್ತೋತ್ರ. ಆಮೇಲೆ ಬೆಳಕು ಕೊಡು ಎಂಬ ಬೇಡಿಕೆ. ಆಮೇಲೆ ಎದ್ದ ಹೊತ್ತಿನಿಂದ ಗಂಟೆ ಗಂಟೆಗೆ ದಿನವನ್ನು ನೋಡುತ್ತಾ ಬರುವುದು. ಎಲ್ಲಿ ಮನಸ್ಸು ಬೇಗ ಬೇಗ ದಾಟಿಕೊಂಡು ಹೋಗಲು ನೋಡುತ್ತದೋ ಅಲ್ಲಿ ನಿಲ್ಲಿ. ಕೆದಕಬೇಕಾದದ್ದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಕ್ಷಮೆ ಕೇಳಿ, ನಾಳೆಗೆ ಏನು ಎಂದು ಒಂದು ಮಾತು ಗೊತ್ತುಮಾಡಿಕೊಂಡು ಮಲಗಿ.

ರಾತ್ರಿಗೊಂದು ಪಾಪ ಸಾಕು. ನಿಜ ಹೇಳುತ್ತಿದ್ದೇನೆ. ಹದಿನೈದು ಪಟ್ಟಿ ಮಾಡಿದ ದಿನ ನಾನು ಯಾವುದನ್ನೂ ಸರಿಪಡಿಸಿಲ್ಲ.

ಬರೆದಿಡಬೇಕೇ? ಬರೆದರೆ ಕಣ್ಣಿಗೆ ಕಾಣುತ್ತದೆ, ಒಂದೇ ಪಾಪ ವಾರಕ್ಕೆ ಐದು ಸಲ ಬರುವುದು ಗೊತ್ತಾಗುತ್ತದೆ. ಆದರೆ ಪುಸ್ತಕ ಬೇರೆಯವರ ಕೈಗೆ ಸಿಕ್ಕರೆ ಅದರಲ್ಲಿ ಹೆಸರಿರುವವರಿಗೆ ನೋವು. ನಾನು ಬಿಡಿ ಹಾಳೆಯಲ್ಲಿ ಬರೆದು ಶನಿವಾರ ಓದಿ ಹರಿದುಹಾಕುತ್ತೇನೆ.

ಮೂರನೇ ಹೆಜ್ಜೆ: ಕ್ರಿಯಾಪದ ಸರಿ ಮಾಡಿಕೊಳ್ಳಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಭಾಷೆಯೇ ನಮಗೆ ತಪ್ಪಿಸಿಕೊಳ್ಳುವ ದಾರಿಯನ್ನು ಧಾರಾಳವಾಗಿ ಕೊಟ್ಟಿದೆ. "ಕೋಪ ಬಂತು" ಎನ್ನುತ್ತೇವೆ, ಎಲ್ಲಿಂದಲೋ ನೆಂಟರು ಬಂದ ಹಾಗೆ. "ಬಾಯಿ ತಪ್ಪಿತು." "ಮನಸ್ಸು ಜಾರಿತು." "ಹಣ ಆಚೀಚೆ ಆಯಿತು." "ತಪ್ಪಾಯಿತು." ಇವುಗಳಲ್ಲಿ ಕೋಪಕ್ಕೆ ಕಾಲಿದೆ, ಬಾಯಿಗೆ ಸ್ವಂತ ಬುದ್ಧಿಯಿದೆ, ಹಣ ತಾನೇ ಎದ್ದು ನಡೆಯುತ್ತದೆ. ಇಲ್ಲದಿರುವವನು ನಾನೊಬ್ಬನೇ.

ಪತ್ರಿಕೆಯ ಮೊದಲ ಅಧ್ಯಾಯದ 9ನೇ ವಚನದಲ್ಲಿ ಅರಿಕೆ ಮಾಡುವುದಕ್ಕೆ ಗ್ರೀಕಿನಲ್ಲಿ ಇರುವ ಪದ ಹೊಮೊಲೊಗೆಯೊ. ಬಿಡಿಸಿದರೆ "ಅದೇ ಮಾತನ್ನು ಹೇಳು" ಎಂದಾಗುತ್ತದೆ. ದೇವರು ನನ್ನ ಕೆಲಸಕ್ಕೆ ಯಾವ ಹೆಸರು ಕೊಡುತ್ತಾನೋ ಅದೇ ಹೆಸರನ್ನು ನಾನೂ ಕೊಡುವುದು. ಹಾಗಾಗಿ ಅರಿಕೆಯ ವಾಕ್ಯದಲ್ಲಿ ಕರ್ತೃ "ನಾನು" ಇರಲಿ, ಕ್ರಿಯಾಪದ "ಮಾಡಿದೆ" ಜಾತಿಯದ್ದಿರಲಿ. ಒಂದು ಹಾಳೆ ತೆಗೆದುಕೊಂಡು ತಿದ್ದಿ ನೋಡಿ:

"ಅವಳ ಮೇಲೆ ಕೋಪ ಬಂತು." ತಿದ್ದಿದ ಮೇಲೆ: "ಮಕ್ಕಳ ಎದುರಿಗೆ ಅವಳನ್ನು ಹೀಯಾಳಿಸಿದೆ. ಅವಳು ಮೌನವಾದಾಗ ಗೆದ್ದೆ ಅಂತ ಖುಷಿಪಟ್ಟೆ."

"ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸ ಆಯಿತು." ತಿದ್ದಿದ ಮೇಲೆ: "ನನ್ನದಲ್ಲದ ಹಣವನ್ನು ನನ್ನ ಖರ್ಚಿಗೆ ಬಳಸಿದೆ. ಕೇಳಿದವರಿಗೆ ಸುಳ್ಳು ಹೇಳಿದೆ."

ಎರಡನೆಯ ಸಾಲುಗಳನ್ನು ಗಟ್ಟಿಯಾಗಿ ಓದಿದರೆ ಗಂಟಲು ಹಿಡಿಯುತ್ತದೆ. ದಾವೀದನ ಹೆಸರಿನ 32ನೇ ಕೀರ್ತನೆಯಲ್ಲಿ ಪಾಪವನ್ನು ಮುಚ್ಚಿಟ್ಟು ಸುಮ್ಮನಿದ್ದವನ ಎಲುಬುಗಳೇ ಸವೆದುಹೋದ ಮಾತಿದೆ. ಮುಚ್ಚಿಡುವುದಕ್ಕೆ ಬೇಕಾಗುವ ಶಕ್ತಿ ಎಷ್ಟೆಂದು ಬಿಚ್ಚಿದ ಮೇಲಷ್ಟೇ ತಿಳಿಯುತ್ತದೆ.

ಇನ್ನೊಂದು ತುದಿಯ ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಕೆಲವರ ಮನಸ್ಸಾಕ್ಷಿ ಒರಟು, ಕೆಲವರದ್ದು ಹುಣ್ಣಾದ ಚರ್ಮದ ಹಾಗೆ. ಸನ್ಯಾಸಿಯಾಗಿದ್ದ ಮಾರ್ಟಿನ್ ಲೂಥರ್ ತನ್ನ ಹಿರಿಯ ಸ್ಟೌಪಿಟ್ಸ್ ಬಳಿ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಎದ್ದು ಹೋಗುವಾಗ ಇನ್ನೊಂದು ನೆನಪಾಗಿ ಮತ್ತೆ ಚಡಪಡಿಸುತ್ತಿದ್ದ. ನೀವು ಆ ಜಾತಿಯವರಾದರೆ ನಿಮಗೆ ಹೆಚ್ಚು ಪರೀಕ್ಷೆ ಬೇಡ, ಕಡಿಮೆ ಬೇಕು. ನಮ್ಮ ಹೃದಯವೇ ನಮ್ಮನ್ನು ದೂಷಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎಂದು ಯೋಹಾನನ ಪತ್ರಿಕೆಯ ಮೂರನೇ ಅಧ್ಯಾಯದ 20ನೇ ವಚನ ಹೇಳುವುದು ನಿಮಗಾಗಿಯೇ. ಒಮ್ಮೆ ಹೇಳಿದ ಪಾಪವನ್ನು ಎರಡನೇ ಸಲ ಹೇಳುವುದಿಲ್ಲ ಎಂದು ನಿಯಮ ಮಾಡಿಕೊಳ್ಳಿ. ಅಪರಾಧಿಭಾವ ಊಟ ನಿದ್ದೆ ಕೆಡಿಸುವ ಮಟ್ಟಕ್ಕೆ ಹೋಗಿದ್ದರೆ ಸಭಾಪಾಲಕರ ಜೊತೆ ಮನೋವೈದ್ಯರನ್ನೂ ಕಾಣಿ. ನಂಬಿಕೆಗೆ ಅದರಿಂದ ಅವಮಾನವೇನಿಲ್ಲ.

ನಾಲ್ಕನೇ ಹೆಜ್ಜೆ: ಒಬ್ಬರ ಕಿವಿಗೆ ಹೇಳಿ

ದೇವರಿಗೆ ಹೇಳಿದ ಮೇಲೆ ಮನುಷ್ಯರಿಗೆ ಯಾಕೆ ಹೇಳಬೇಕು? ಸಭೆಗಳು ಇದಕ್ಕೆ ಒಂದೇ ಉತ್ತರ ಕೊಡುವುದಿಲ್ಲ. ಕಥೋಲಿಕ ಸಭೆಯಲ್ಲಿ ಗುರುಗಳ ಬಳಿ ಪಾಪನಿವೇದನೆ ಸಂಸ್ಕಾರವೇ ಆಗಿದೆ. ವರ್ಷಕ್ಕೊಮ್ಮೆಯಾದರೂ ಮಾಡಬೇಕೆಂಬ ಕಟ್ಟಳೆ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯದ್ದು, ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಹೊರಗೆ ಆಡುವಂತಿಲ್ಲ. ಆರ್ಥೊಡಾಕ್ಸ್ ಸಭೆಗಳಲ್ಲೂ ಗುರುಗಳ ಎದುರು ನಿವೇದಿಸುವ ಪದ್ಧತಿಯಿದೆ. ಪ್ರಾಟೆಸ್ಟೆಂಟರು ಸಾಮಾನ್ಯವಾಗಿ ನೇರ ದೇವರಿಗೆ ಎನ್ನುತ್ತಾರೆ, ಆದರೂ ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿರಿ ಎಂಬ ಯಾಕೋಬ 5:16 ಅವರ ಸತ್ಯವೇದದಲ್ಲೂ ಇದೆ. ಮೆಥಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿ 1738ರ ಕ್ರಿಸ್ಮಸ್ ದಿನ ಸಣ್ಣ ಗುಂಪುಗಳಿಗೆಂದು ನಿಯಮ ಬರೆದ. ವಾರಕ್ಕೊಮ್ಮೆ ಸೇರಬೇಕು, ಹಿಂದಿನ ವಾರದಿಂದ ಈಚೆಗೆ ಗೊತ್ತಿದ್ದೂ ಮಾಡಿದ ಪಾಪ ಯಾವುದು, ಯಾವ ಶೋಧನೆ (ಪಾಪದ ಸೆಳೆತ) ಬಂತು, ಹೇಗೆ ಪಾರಾದೆ ಎಂದು ಒಬ್ಬೊಬ್ಬರೂ ಹೇಳಬೇಕು. ಈಗಿನ ಹೆಚ್ಚಿನ ಮನೆಕೂಟಗಳಲ್ಲಿ ಆ ಮೊದಲ ಪ್ರಶ್ನೆ ಕೇಳಿದರೆ ಮುಂದಿನ ವಾರ ಅರ್ಧ ಜನ ಬರಲಿಕ್ಕಿಲ್ಲ.

ನನ್ನ ಅನುಭವ ಇಷ್ಟು: ಒಬ್ಬನೇ ಕೂತು ಹೇಳುವಾಗ ಹೇಳುವವನೂ ನಾನೇ, ಒಳಗೊಳಗೇ ರಿಯಾಯಿತಿ ಕೊಡುವವನೂ ನಾನೇ. ಎದುರಿಗೊಂದು ಮುಖವಿದ್ದರೆ ರಿಯಾಯಿತಿ ಸಿಗುವುದಿಲ್ಲ. "ಕ್ಷಮಿಸಲ್ಪಟ್ಟಿದ್ದೀಯ" ಎಂಬ ಮಾತು ಇನ್ನೊಬ್ಬರ ಬಾಯಿಂದ ಬಂದಾಗ ಅದು ನಾನೇ ಕಟ್ಟಿಕೊಂಡ ಸಮಾಧಾನ ಅಲ್ಲ ಎಂಬ ಧೈರ್ಯವೂ ಸಿಗುತ್ತದೆ.

ಯಾರಿಗೆ ಹೇಳಬೇಕು ಅನ್ನುವುದರಲ್ಲಿ ಎಡವಟ್ಟು ಮಾಡಿಕೊಳ್ಳಬೇಡಿ. ಬಾಯಿ ಬಿಗಿಯಿರುವವರು ಬೇಕು. ಕೇಳಿ ಹೌಹಾರಬಾರದು, "ಅಯ್ಯೋ ಅಷ್ಟೇನಾ" ಅಂತ ತೇಲಿಸಲೂಬಾರದು. ತಾವೂ ಒಮ್ಮೆಯಾದರೂ ನಿಮ್ಮ ಮುಂದೆ ತಮ್ಮದನ್ನು ಬಿಚ್ಚಿದವರಾದರೆ ಇನ್ನೂ ಒಳ್ಳೆಯದು. ನಿಮ್ಮ ಮೇಲೆ ಅಧಿಕಾರವಿರುವವರು, ನಿಮ್ಮ ಕೆಲಸ ಅವರ ಕೈಯಲ್ಲಿರುವವರು ಬೇಡ. ಪರೀಕ್ಷೆ ಸುಲಭ: ಅವರು ಬೇರೆಯವರ ಗುಟ್ಟನ್ನು ನಿಮಗೆ ಯಾವಾಗಲಾದರೂ ಹೇಳಿದ್ದರೆ ನಿಮ್ಮದನ್ನೂ ಹೇಳುತ್ತಾರೆ.

ಪಾಪದ ಸುತ್ತಳತೆ ಎಷ್ಟೋ ಅರಿಕೆಯ ಸುತ್ತಳತೆಯೂ ಅಷ್ಟೇ ಇರಲಿ. ಮನಸ್ಸಿನಲ್ಲೇ ಹುಟ್ಟಿ ಸತ್ತ ದ್ವೇಷವನ್ನು ದೇವರಿಗೆ ಹೇಳಿದರೆ ಸಾಕು. "ನಿಮ್ಮನ್ನು ಕಂಡರೆ ನನಗೆ ಎರಡು ವರ್ಷದಿಂದ ಅಸಹ್ಯ ಇತ್ತು, ಕ್ಷಮಿಸಿ" ಎಂದು ಏನೂ ಅರಿಯದವರ ಬಳಿ ಹೋಗಿ ಹೇಳಿದರೆ ನಿಮ್ಮ ಭಾರ ಇಳಿಯುತ್ತದೆ, ಅವರ ಮೇಲೆ ಕೂರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಗುಟ್ಟಿನ ನಿಯಮವನ್ನು ನೆಪ ಮಾಡಿಕೊಳ್ಳಬೇಡಿ. ಮಗುವಿನ ಮೇಲಿನ ದೌರ್ಜನ್ಯ, ಮನೆಯೊಳಗಿನ ಹೊಡೆತ ಬಡಿತ, ಇಂಥವು ಪ್ರಾರ್ಥನೆಯಲ್ಲಿ ಮುಗಿಸಿಬಿಡುವ ಸಂಗತಿಗಳಲ್ಲ. ಮಾಡಿದವನು ಪಶ್ಚಾತ್ತಾಪಪಟ್ಟಿದ್ದರೆ ಕಾನೂನಿನ ಮುಂದೆ ಹೋಗಿ ನಿಲ್ಲುವುದೇ ಅದರ ಗುರುತು. ನೊಂದವರಿಗೆ "ಕ್ಷಮಿಸಿಬಿಡು, ಸಭೆಯ ಮರ್ಯಾದೆ" ಎಂದು ಒತ್ತಾಯ ಹಾಕುವುದು ಇನ್ನೊಂದು ಪಾಪ.

ಐದನೇ ಹೆಜ್ಜೆ: ಕಾಣಿಕೆ ಅಲ್ಲೇ ಬಿಟ್ಟು ಎದ್ದು ಹೋಗಿ

ಯಜ್ಞವೇದಿಯ ಹತ್ತಿರ ಕಾಣಿಕೆ ಹಿಡಿದು ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಹೋಗು ಎಂದು ಯೇಸು ಹೇಳಿದ್ದು ಮತ್ತಾಯ 5ರಲ್ಲಿದೆ. ಅವನ ಮೇಲೆ ನಿನಗೆ ಇರುವ ದೂರಿನ ಮಾತಲ್ಲ ಅದು, ನಿನ್ನ ಮೇಲೆ ಅವನಿಗೆ ಇರುವ ದೂರು. ನಾವು ಸಾಮಾನ್ಯವಾಗಿ ಇದನ್ನು ತಿರುಗಿಸಿ ಓದಿಕೊಳ್ಳುತ್ತೇವೆ.

ನನ್ನದೇ ಕಥೆ ಹೇಳುತ್ತೇನೆ. ಸ್ನೇಹಿತನೊಬ್ಬ ತನ್ನ ಮನೆಯೊಳಗಿನ ಒಂದು ಕಷ್ಟವನ್ನು ನನಗೆ ಹೇಳಿ ಪ್ರಾರ್ಥಿಸು ಎಂದಿದ್ದ. ನಾನು ಪ್ರಾರ್ಥಿಸಿದೆ. ಜೊತೆಗೆ ಮನೆಕೂಟದಲ್ಲಿ "ಒಬ್ಬ ಸಹೋದರನ ಮನೆಗಾಗಿ ಪ್ರಾರ್ಥಿಸೋಣ" ಎಂದು ಶುರುಮಾಡಿ, ಯಾರು ಎಂದು ಎಲ್ಲರಿಗೂ ತಿಳಿಯುವಷ್ಟು ವಿವರ ಕೊಟ್ಟೆ. ಚಾಡಿಗೆ ಪ್ರಾರ್ಥನಾ ವಿಷಯ ಎಂಬ ಬಿಳಿ ಅಂಗಿ ತೊಡಿಸಿದ್ದೆ ಅಷ್ಟೇ. ಹತ್ತು ದಿನದಲ್ಲಿ ಅದು ಅವನ ಕಿವಿಗೆ ಹೋಯಿತು. ಫೋನ್ ಮಾಡಿದೆ. ನನ್ನ ಮೊದಲ ವಾಕ್ಯ: "ನಿನಗೇನಾದರೂ ಬೇಜಾರಾಗಿದ್ದರೆ ಕ್ಷಮಿಸು."

ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಅಂದ: "ಆಗಿದ್ದರೆ ಅಂತ ಯಾಕೆ ಕೇಳ್ತೀಯ? ಆಗಿದೆ."

"ಆಗಿದ್ದರೆ" ಅನ್ನುವ ಆ ಒಂದು ಪದದೊಳಗೆ ನನ್ನ ಇಡೀ ಸಗಟು ಭಕ್ತಿ ಅಡಗಿತ್ತು. ಎರಡನೇ ಸಲ ಹೇಳಿದೆ: "ನೀನು ನಂಬಿ ಹೇಳಿದ್ದನ್ನು ನಾನು ಕೂಟದಲ್ಲಿ ಹೇಳಿದೆ. ನನಗೆ ಎಲ್ಲ ಗೊತ್ತು ಅಂತ ತೋರಿಸಿಕೊಳ್ಳೋಕೆ ಹೇಳಿದೆ." ಅವನು "ಸರಿ" ಎಂದು ಫೋನ್ ಇಟ್ಟ. ಕ್ಷಮಿಸಿದ್ದೇನೆ ಎನ್ನಲಿಲ್ಲ. ಕೇಳುವುದಷ್ಟೇ ನನ್ನ ಪಾಲಿನ ಕೆಲಸ, ಕೊಡುವ ಹೊತ್ತು ಗೊತ್ತು ಅವನದ್ದು ಎಂದು ಆ ದಿನ ಕಲಿತೆ.

ಹೋಗುವ ಮುಂಚೆ ಮನಸ್ಸಿನಲ್ಲಿ ಇಷ್ಟು ತಯಾರಿ ಮಾಡಿಕೊಳ್ಳಿ. ಏನು ಮಾಡಿದೆ ಎಂದು ಬಿಡಿಸಿ ಹೇಳುವ ಒಂದು ವಾಕ್ಯ. "ಆದರೆ", "ನೀನೂ ಕೂಡ", "ಆಗಿದ್ದರೆ" ಎಂಬ ಮೂರು ಪದಗಳಿಗೆ ಬಾಗಿಲು ಬಂದ್. ಆಮೇಲೆ ನಷ್ಟ ತುಂಬುವ ಮಾತು. ಈ ಕೊನೆಯದನ್ನು ನಮ್ಮ ಬೋಧನೆಗಳು ಮರೆತೇಬಿಟ್ಟಿವೆ. ಅರಣ್ಯಕಾಂಡ 5:7ರಲ್ಲಿ ಅರಿಕೆಯೂ ಪರಿಹಾರವೂ ಒಂದೇ ವಚನದಲ್ಲಿವೆ: ಪಾಪವನ್ನು ಒಪ್ಪಿಕೊಳ್ಳಬೇಕು, ಮೂಲ ಬೆಲೆಯ ಜೊತೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು. ಸುಂಕ ವಸೂಲಿಗಾರ ಜಕ್ಕಾಯ ಇನ್ನೂ ಮುಂದೆ ಹೋದ. ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು, ಅದರ ಮೇಲೆ ಆಸ್ತಿಯಲ್ಲಿ ಅರ್ಧ ಬಡವರಿಗೆ. ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂದು ಯೇಸು ಹೇಳಿದ್ದು ಅದನ್ನು ಕೇಳಿದ ಮೇಲೆ. ಹಣ ಹೊಡೆದಿದ್ದರೆ ಹಣ ವಾಪಸ್ ಕೊಡಿ. ಹೆಸರು ಕೆಡಿಸಿದ್ದರೆ ಯಾರ ಎದುರಿಗೆ ಕೆಡಿಸಿದಿರೋ ಅವರ ಎದುರಿಗೇ ಸರಿಪಡಿಸಿ. ನಾನು ಮುಂದಿನ ಕೂಟದಲ್ಲಿ ಎದ್ದು ನಿಂತು ಹೇಳಬೇಕಾಯಿತು. ಫೋನಿಗಿಂತ ಅದು ಕಷ್ಟವಾಗಿತ್ತು.

ಆರನೇ ಹೆಜ್ಜೆ: ಪ್ರೀತಿಸಲು ಒಬ್ಬರನ್ನು ಆರಿಸಿಕೊಳ್ಳಿ

ಸತ್ಯವೇದವನ್ನು ಲ್ಯಾಟಿನ್‌ಗೆ ತಂದ ಪಂಡಿತ ಜೆರೋಮ್ ಉಳಿಸಿಕೊಟ್ಟ ಒಂದು ಹಳೆಯ ಕಥೆಯಿದೆ. ಎಫೆಸದಲ್ಲಿ ಯೋಹಾನನಿಗೆ ತೀರಾ ವಯಸ್ಸಾಗಿ ಶಿಷ್ಯರು ಎತ್ತಿಕೊಂಡು ಸಭೆಗೆ ತರುತ್ತಿದ್ದರಂತೆ. ಹೆಚ್ಚು ಮಾತಾಡಲು ಆಗುತ್ತಿರಲಿಲ್ಲ. ಪ್ರತಿ ಸಲವೂ ಮಕ್ಕಳಿರಾ, ಒಬ್ಬರನ್ನೊಬ್ಬರು ಪ್ರೀತಿಸಿರಿ ಎಂದಷ್ಟೇ ಹೇಳುತ್ತಿದ್ದ. ಕೇಳಿ ಕೇಳಿ ಬೇಸತ್ತವರು ಯಾಕೆ ಯಾವಾಗಲೂ ಇದನ್ನೇ ಹೇಳುತ್ತೀರಿ ಎಂದರೆ, ಕರ್ತನ ಆಜ್ಞೆ ಅದೇ, ಅದೊಂದು ಆದರೆ ಸಾಕು ಎಂದನಂತೆ.

ಪತ್ರಿಕೆಯ ಮೂರನೇ ಅಧ್ಯಾಯದಲ್ಲಿ ಅಕ್ಕಪಕ್ಕ ಇರುವ ಎರಡು ವಚನಗಳನ್ನು ನೋಡಿ. 16ರಲ್ಲಿ ಕ್ರಿಸ್ತನು ನಮಗಾಗಿ ಪ್ರಾಣ ಕೊಟ್ಟ, ನಾವೂ ಸಹೋದರರಿಗಾಗಿ ಪ್ರಾಣ ಕೊಡುವ ಹಂಗಿನಲ್ಲಿದ್ದೇವೆ ಎನ್ನುತ್ತಾನೆ. ಕೇಳುವವನ ಎದೆ ಉಬ್ಬುತ್ತದೆ. ಪ್ರಾಣ ಕೊಡುವ ಸಂದರ್ಭ ಯಾರಿಗೆ ತಾನೇ ದಿನಾ ಬರುತ್ತದೆ, ಹಾಗಾಗಿ ಒಪ್ಪಿಕೊಳ್ಳುವುದು ಸುಲಭ. 17ನೇ ವಚನ ಧಡಕ್ಕನೆ ಕೆಳಗಿಳಿಸುತ್ತದೆ: ನಿನ್ನ ಹತ್ತಿರ ಇದೆ, ಅವನಿಗೆ ಕೊರತೆ ಇದೆ, ನೀನು ನೋಡಿದೆ, ಕೈ ಮುಚ್ಚಿಕೊಂಡೆ. ಹಾಗಿದ್ದರೆ ದೇವರ ಪ್ರೀತಿ ನಿನ್ನಲ್ಲಿ ಎಲ್ಲಿದೆ? ಅಲ್ಲಿ ಮುಚ್ಚಿಕೊಳ್ಳುವುದಕ್ಕೆ ಕರ್ಮಪದವಾಗಿ ಗ್ರೀಕಿನಲ್ಲಿರುವುದು ಕರುಳು ಎಂಬ ಅರ್ಥದ ಪದ. ನಮಗೆ ವಿವರಣೆ ಬೇಕಿಲ್ಲ. ಕಂಡವರ ಕಷ್ಟಕ್ಕೆ ಕರುಳು ಚುರ್ ಎನ್ನುವುದು ನಮಗೆ ಗೊತ್ತು. ಚುರ್ ಎಂದ ಮರುಕ್ಷಣ ಅದನ್ನು ಗಂಟು ಹಾಕಿ ಸುಮ್ಮನಿರಿಸುವುದೂ ಗೊತ್ತು.

ಮಾಡಬೇಕಾದದ್ದು ಹೀಗೆ. ನಿಮ್ಮ ಕಣ್ಣಿಗೆ ದಿನಾ ಬೀಳುವ, ಕೊರತೆಯಿರುವ ಒಬ್ಬರ ಹೆಸರನ್ನು ಬರೆಯಿರಿ. ಒಬ್ಬರೇ. ಏನು ಬೇಕು ಎಂದು ಅವರನ್ನೇ ಕೇಳಿ, ನೀವೇ ಊಹಿಸಬೇಡಿ. ಒಂಟಿಯಾಗಿರುವ ವೃದ್ಧರಿಗೆ ನಿಮ್ಮ ಹಣಕ್ಕಿಂತ ವಾರಕ್ಕೊಂದು ಗಂಟೆ ಬೇಕಾಗಿರಬಹುದು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಒಂದು ರಾತ್ರಿಯ ನಿದ್ದೆ ಬೇಕಾಗಿರಬಹುದು. ಏಳು ದಿನದೊಳಗೆ ಮಾಡಿ. ಮಾಡಿದ್ದನ್ನು ಸಾಕ್ಷಿಯ ಸಮಯದಲ್ಲಿ ಹೇಳಬೇಡಿ, ಫೋಟೋ ಹಾಕಬೇಡಿ. ಇನ್ನು "ಪ್ರಾರ್ಥನೆ ಮಾಡ್ತೀನಿ" ಎಂಬ ಮಾತನ್ನು ಕೈಯಿಂದ ಮಾಡಬಹುದಾದ ಕೆಲಸ ಎದುರಿಗಿರುವಾಗ ಬಾಯಿಗೆ ತರಲೇಬೇಡಿ. ಬಟ್ಟೆಯಿಲ್ಲದವನಿಗೆ ಬೆಚ್ಚಗಿರು ಎಂದು ಹರಸಿ ಕಳಿಸುವವನ ಬಗ್ಗೆ ಯಾಕೋಬ ಸಾಕಷ್ಟು ಖಾರವಾಗಿ ಬರೆದಿದ್ದಾನೆ.

ಆಮೇಲೆ ಎರಡನೇ ಹೆಸರು: ನೀವು ದಾರಿ ಬದಲಿಸಿ ತಪ್ಪಿಸಿಕೊಳ್ಳುವ ಒಬ್ಬರು. ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ ಎಂದು ಯೋಹಾನನ ಪತ್ರಿಕೆಯ 4:20 ಹೇಳುತ್ತದೆ. ಅವರ ಮೇಲೆ ಅಕ್ಕರೆ ಉಕ್ಕುವವರೆಗೆ ಕಾಯಬೇಡಿ, ಉಕ್ಕದೇ ಹೋಗಬಹುದು. ನಮಸ್ಕಾರ ಹೇಳಿ. ಅವರ ಕೆಲಸ ಚೆನ್ನಾಗಿದ್ದರೆ ಬೇರೆಯವರೆದುರು ಚೆನ್ನಾಗಿದೆ ಎನ್ನಿ. ಅವರ ಬಗ್ಗೆ ತಮಾಷೆ ಶುರುವಾದಾಗ ಜೊತೆಗೂಡಬೇಡಿ. ಆದರೆ ಆ ಎರಡನೆಯವರು ನಿಮಗೆ ನಿಜವಾಗಿ ಹಾನಿ ಮಾಡಿದವರು, ಈಗಲೂ ಮಾಡಬಲ್ಲವರು ಆದರೆ ದೂರವಿದ್ದೇ ಅವರಿಗೆ ಒಳ್ಳೆಯದನ್ನು ಬಯಸಿ. ಬಾಗಿಲು ತೆರೆದು ಕೂರುವ ಅಗತ್ಯವಿಲ್ಲ.

ಏಳನೇ ಹೆಜ್ಜೆ: ಲೋಕ ಎಲ್ಲಿದೆ ಎಂದು ಹುಡುಕಿ

ಲೋಕವನ್ನು ಪ್ರೀತಿಸಬೇಡಿರಿ ಎಂಬ ಪತ್ರಿಕೆಯ ಮಾತು ಕೇಳಿದ ಕೂಡಲೇ ನಮ್ಮ ಸಭೆಗಳಲ್ಲಿ ಪಟ್ಟಿ ಶುರುವಾಗುತ್ತದೆ. ಸಿನಿಮಾ, ಒಡವೆ, ಬಟ್ಟೆ, ಹಾಡು. ಪಟ್ಟಿಯ ಒಂದು ಅನುಕೂಲವೆಂದರೆ ಬೇರೆಯವರ ಮೈಮೇಲೆ ಹುಡುಕಬಹುದು. ಇದೇ ಲೋಕ ಎಂಬ ಪದ, ಗ್ರೀಕಿನ ಕೊಸ್ಮೊಸ್, ಯೋಹಾನನ ಸುವಾರ್ತೆ 3:16ರಲ್ಲೂ ಇದೆ. ಅಲ್ಲಿ ದೇವರು ಲೋಕವನ್ನು ಪ್ರೀತಿಸಿದ, ಇಲ್ಲಿ ನೀವು ಪ್ರೀತಿಸಬೇಡಿ. ಹಾಗಾದರೆ ಜನ, ಮರ, ನದಿ, ಸಂಗೀತ ಇವೆಲ್ಲ ಶತ್ರುಗಳಲ್ಲ. ಪತ್ರಿಕೆ ತಾನೇ ಮೂರು ಹೆಸರು ಹೇಳುತ್ತದೆ: ಶರೀರದಾಶೆ, ಕಣ್ಣಿನಾಶೆ, ಬದುಕುಬಾಳಿನ ಡಂಬ. ಆದಿಕಾಂಡದ ಮೂರನೇ ಅಧ್ಯಾಯದಲ್ಲಿ ಹವ್ವಳು ಹಣ್ಣನ್ನು ನೋಡುವ ಬಗೆಯೂ ಹೀಗೇ: ತಿನ್ನಲು ಚೆನ್ನ, ನೋಡಲು ಚೆಂದ, ಬುದ್ಧಿ ಕೊಡುವಂಥದ್ದು. ಹಣ್ಣಿನಷ್ಟೇ ಆ ನೋಟವೂ ಕಥೆಯಲ್ಲಿ ಮುಖ್ಯ.

ಊರು ಬಿಟ್ಟು ಹೋದರೂ ಇದು ಬಿಡುವುದಿಲ್ಲ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಹೋಗಿ ಕೂತವರಲ್ಲೊಬ್ಬನಾದ ಇವಾಗ್ರಿಯಸ್ ಅಲ್ಲಿ ಸನ್ಯಾಸಿಗಳನ್ನು ಕಾಡುವ ಎಂಟು ಯೋಚನೆಗಳ ಪಟ್ಟಿ ಮಾಡಿದ್ದಾನೆ. ಹೊಟ್ಟೆಬಾಕತನದಿಂದ ಶುರುವಾಗುವ ಪಟ್ಟಿ ಹೆಸರಿನ ಹಂಬಲ, ಗರ್ವ ಎಂಬಲ್ಲಿಗೆ ಮುಗಿಯುತ್ತದೆ. ಸುತ್ತ ಮರಳು, ನೋಡುವವರು ಯಾರೂ ಇಲ್ಲ, ಆದರೂ ಹೆಸರಿನ ಹಂಬಲ.

ಶರೀರದಾಶೆಗೆ ಹಳೆಯ ಮದ್ದು ಉಪವಾಸ, ಅದರ ಬಗ್ಗೆ ನಿಮ್ಮ ಸಭೆಯಲ್ಲಿ ಹೇಳಿಕೊಡುವವರು ಇದ್ದೇ ಇರುತ್ತಾರೆ. ಕಣ್ಣಿನಾಶೆಗೆ ಈಗ ಫೋನೇ ಮುಖ್ಯ ದಾರಿ. ಒಂದು ವಾರ ಈ ಪ್ರಯೋಗ ಮಾಡಿ: ಪರದೆ ಕೆಳಗಿಟ್ಟ ಪ್ರತಿ ಸಲ, ಎತ್ತಿಕೊಳ್ಳುವಾಗ ಇಲ್ಲದಿದ್ದ ಯಾವ ಆಸೆ ಈಗ ಇದೆ ಎಂದು ಒಂದೇ ಪದದಲ್ಲಿ ಬರೆಯಿರಿ. ಮನೆ. ಮೈಬಣ್ಣ. ಪ್ರವಾಸ. ಅವರ ಗಂಡ. ವಾರದ ಕೊನೆಗೆ ಆ ಪದಗಳನ್ನು ಓದಿದರೆ ಲೋಕ ಎಲ್ಲಿಂದ ಒಳಗೆ ಬರುತ್ತಿದೆ ಎಂದು ಕಾಣುತ್ತದೆ. ಆ ಒಂದು ಕಿಂಡಿ ಮುಚ್ಚಿ. ಫೋನನ್ನೇ ಬಾವಿಗೆ ಹಾಕುತ್ತೇನೆ ಎಂದರೆ ಮತ್ತೆ ಸಗಟು ಶಪಥ, ಮೂರನೇ ದಿನ ಹೊಸ ಫೋನ್ ಬಂದಿರುತ್ತದೆ.

ಮೂರನೆಯದೇ ನನಗೆ ಎಲ್ಲಕ್ಕಿಂತ ಕುತೂಹಲದ್ದು. ಬದುಕುಬಾಳಿನ ಡಂಬ ಎನ್ನುವಲ್ಲಿ ಗ್ರೀಕಿನಲ್ಲಿರುವ ಪದ ಬಿಯೊಸ್. ಇದೇ ಪದ ಮತ್ತೆ ಬರುವುದು 3:17ರಲ್ಲಿ, ಹತ್ತಿರ ಇದ್ದೂ ಕರುಳು ಮುಚ್ಚಿಕೊಳ್ಳುವವನ "ಇರುವಿಕೆ"ಗೆ. ಇಡೀ ಪತ್ರಿಕೆಯಲ್ಲಿ ಇವೆರಡೇ ಕಡೆ. ಕನ್ನಡದ ಬದುಕು ಕೂಡ ಹಾಗೇ, ಜೀವನವೂ ಹೌದು ಆಸ್ತಿಪಾಸ್ತಿಯೂ ಹೌದು. ಬದುಕು ಮಾರಿಕೊಂಡ ಎಂದರೆ ಹೊಲ ಮನೆ ಮಾರಿಕೊಂಡ ಎಂದೇ ಅರ್ಥ. ಅಂದರೆ ಡಂಬಕ್ಕೆ ಬಳಕೆಯಾಗುವುದೂ ಸಹೋದರನಿಗೆ ಕೊಡಬೇಕಾದದ್ದೂ ಒಂದೇ ಬದುಕು. ಒಂದೇ ಹಣ, ಒಂದೇ ಮನೆ, ಒಂದೇ ಸಮಯ. ತೋರಿಸಿದರೆ ಲೋಕ, ಹಂಚಿದರೆ ಪ್ರೀತಿ. ಇದನ್ನು ಕಂಡ ಮೇಲೆ ಲೋಕವನ್ನು ಎದುರಿಸುವುದು ಮತ್ತು ಪ್ರೀತಿಸುವುದು ನನಗೆ ಎರಡು ಬೇರೆ ಕೆಲಸಗಳಾಗಿ ಉಳಿದಿಲ್ಲ.

ಕೆಲಸ ಇಷ್ಟು: ನಿಮ್ಮಲ್ಲಿರುವ ಯಾವ ವಸ್ತುವನ್ನು ಯಾರಾದರೂ ಕೇಳಿದರೆ ಹೊಟ್ಟೆ ಹಿಂಡಿದಂತಾಗುತ್ತದೆ ಎಂದು ಯೋಚಿಸಿ. ಆ ವಸ್ತುವನ್ನು ಈ ತಿಂಗಳು ಒಬ್ಬರಿಗೆ ಬಳಸಲು ಕೊಡಿ. ಪೂರ್ತಿ ಕೊಟ್ಟುಬಿಡಬೇಕೆಂದಿಲ್ಲ. ನನ್ನ ವಿಷಯದಲ್ಲಿ ಅದು ಪುಸ್ತಕಗಳಾಗಿತ್ತು. ಕೊಟ್ಟದ್ದು ಮೂಲೆ ಮಡಚಿಕೊಂಡು, ಮೇಲೆ ಚಹಾ ಲೋಟದ ಉಂಗುರ ಹೊತ್ತುಕೊಂಡು ವಾಪಸ್ ಬಂತು. ಆ ಉಂಗುರ ನೋಡಿದಾಗ ಎದ್ದ ಸಿಟ್ಟು ಆ ರಾತ್ರಿಯ ಹಾಳೆಗೆ ಹೋಯಿತು. "ಸಿಟ್ಟು ಬಂತು" ಅಂತಲೇ ಬರೆದಿದ್ದೆ, ಆಮೇಲೆ ತಿದ್ದಿದೆ.

ಸಭೆಯೊಳಗೂ ಇದೇ ಕಣ್ಣಿನಿಂದ ನೋಡಿ. ಕೊಡುಗೆ ಕೊಟ್ಟವರ ಹೆಸರಿನ ಫಲಕ, ಮುಂದಿನ ಸಾಲಿನ ಕುರ್ಚಿ, ಹೆಸರಿನ ಹಿಂದೆ ಬೆಳೆಯುತ್ತಲೇ ಹೋಗುವ ಬಿರುದುಗಳು. ಒಡವೆ ಹಾಕಿಕೊಂಡು ಬಂದ ಹುಡುಗಿಗೆ ಬುದ್ಧಿ ಹೇಳುವವರು ಇವುಗಳ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಎಂಟನೇ ಹೆಜ್ಜೆ: ಬಿದ್ದಾಗ

ಬೀಳುತ್ತೀರಿ. ಪಾಪ ಮಾಡಬಾರದೆಂದೇ ಬರೆಯುತ್ತಿದ್ದೇನೆ ಎನ್ನುವ ಯೋಹಾನ ಅದೇ ಉಸಿರಿನಲ್ಲಿ, ಯಾರಾದರೂ ಮಾಡಿದರೆ ನಮಗಾಗಿ ವಾದಿಸುವವನು ತಂದೆಯ ಬಳಿ ಇದ್ದಾನೆ, ಯೇಸು ಕ್ರಿಸ್ತ, ಎನ್ನುತ್ತಾನೆ. ಎರಡರಲ್ಲಿ ಯಾವುದನ್ನೂ ಬಿಡುವುದಿಲ್ಲ. ಹಾಗಾಗಿ ಬಿದ್ದ ದಿನ ಹೊಸ ಶಪಥ ಬೇಡ. ಎರಡನೇ ಹೆಜ್ಜೆಗೆ ವಾಪಸ್ ಹೋಗಿ, ಹಾಳೆ ತೆಗೆದು, "ನಾನು" ಎಂದು ಶುರುಮಾಡಿ. ಆ ವಾರ ಸಭೆಗೆ ಹೋಗುವುದನ್ನು, ಕರ್ತನ ಮೇಜಿಗೆ (ಪ್ರಭುಭೋಜನಕ್ಕೆ) ಬರುವುದನ್ನು ನಾಚಿಕೆಯಿಂದ ನಿಲ್ಲಿಸಬೇಡಿ. ನಾಲ್ಕನೇ ಹೆಜ್ಜೆಯಲ್ಲಿ ಆರಿಸಿಕೊಂಡವರಿಗೆ ಅದೇ ದಿನ ಹೇಳಿ. ತಡ ಮಾಡಿದಷ್ಟೂ ವಾಕ್ಯಕ್ಕೆ ಬಣ್ಣ ಏರುತ್ತದೆ.

ಕ್ಷಮೆ ಸಿಕ್ಕಿದ ಕೂಡಲೇ ನಂಬಿಕೆ ಮರಳಿ ಬರುವುದಿಲ್ಲ. ಅದರ ಲೆಕ್ಕ ಬೇರೆ. ನಾನು ಹೇಳಿದ ಆ ಸ್ನೇಹಿತ ಬಹಳ ತಿಂಗಳು ನನ್ನೊಂದಿಗೆ ಹವಾಮಾನ, ಮಕ್ಕಳ ಶಾಲೆ ಇಷ್ಟನ್ನೇ ಮಾತಾಡಿದ. ನಾನೂ ಕೆದಕಲಿಲ್ಲ. ಸಿಕ್ಕಾಗ ಕೈ ಕುಲುಕುತ್ತಿದ್ದೆ, ಅವನ ಕುರ್ಚಿ ಸಾಗಿಸಬೇಕಿದ್ದರೆ ಸಾಗಿಸುತ್ತಿದ್ದೆ. ಒಂದು ದಿನ ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತು ಒಂದು ವಿಷಯ ಹೇಳಿದ. ಹೇಳಿ ಮುಗಿಸಿ, ಚಪ್ಪಲಿ ಮೆಟ್ಟುತ್ತಾ ಅಂದ: "ಇದನ್ನು ಯಾರಿಗೂ ಹೇಳಬೇಡ. ಪ್ರಾರ್ಥನೆಗೂ ಬೇಡ."